ನರ್ಸಕ್ಕನ ಕಾರಿನ ಮುಂದಿನ ಡಿಸ್ಕುಗಳು

"ಬ್ರೇಕ್ ಒತ್ತಿದ್ರ ಸ್ಟೇರಿಂಗ್ ಕೈಯಾಗ ನಡಗತೈತಿ, ತಮ್ಮಾ. ಮಂಗಳವಾರದೊಳಗ ಆಗಬೇಕು ನೋಡು."

ನರ್ಸಕ್ಕ ಗಾಡಿಯಿಂದ ಇಳಿಯುವ ಮೊದಲೇ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದ ಮಾತಿದು. ಅಂದು ಶನಿವಾರ. ಮಂಗಳವಾರ ಯಾಕೆ ಎಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಅವರ ಯಜಮಾನರಿಗೆ, ಅಂದರೆ ನಾವೆಲ್ಲ ಮಾಸ್ತರು ಎಂದು ಕರೆಯುವ ನಿವೃತ್ತ ಶಿಕ್ಷಕರಿಗೆ, ಮೂರು ವರ್ಷದಿಂದ ಮಂಗಳವಾರ ಮತ್ತು ಶುಕ್ರವಾರ ಕೊಪ್ಪಳದಲ್ಲಿ ಡಯಾಲಿಸಿಸ್. ಒಮ್ಮೆ ಬಸ್ಸಿನಲ್ಲಿ ಹೋಗಿ ಬರುವಾಗ ಮಾಸ್ತರು ನಿಲ್ದಾಣದಲ್ಲೇ ಕುಸಿದಿದ್ದರು. ಇನ್ನೊಮ್ಮೆ ಬಾಡಿಗೆ ಗಾಡಿಯವನು ಬರದೆ ಒಂದು ಸರದಿ ತಪ್ಪಿ, ಕಾಲು ಊದಿ, ಉಸಿರಾಡಲು ಕಷ್ಟಪಟ್ಟಿದ್ದರು. ಅದಾದ ವಾರವೇ ನರ್ಸಕ್ಕ, ಅರವತ್ತು ದಾಟಿದ ವಯಸ್ಸಿನಲ್ಲಿ, ಡ್ರೈವಿಂಗ್ ಕಲಿಯಲು ಹೋದರು. ಮನೆಯ ಮುಂದೆ ನಿಂತೇ ಇದ್ದ ಹದಿನಾಲ್ಕು ವರ್ಷದ ಬಿಳಿ ಕಾರನ್ನು ತಾವೇ ಓಡಿಸತೊಡಗಿದರು.

ನರ್ಸಕ್ಕ ಕುಷ್ಟಗಿಯ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ದುಡಿದು ಈಗ ಯಲಬುರ್ಗಾ ಕಡೆಯ ಮಂಗಳೂರಿನಲ್ಲಿ ನೆಲೆಸಿದ್ದಾರೆ. ಸಮುದ್ರದ ಮಂಗಳೂರಲ್ಲ, ನಮ್ಮ ಮಂಗಳೂರು. ಹತ್ತಿರದಲ್ಲಿ ಗಾಡಿ ರಿಪೇರಿಯ ಬೇರೆ ಮಿಸ್ತ್ರಿಗಳು ಇದ್ದರೂ ಗಾಡಿಯನ್ನು ಕುಷ್ಟಗಿಗೆ, ನನ್ನ ಶೆಡ್ಡಿಗೇ ತರುತ್ತಾರೆ. ನನ್ನ ಇಬ್ಬರು ಹೆಣ್ಣುಮಕ್ಕಳನ್ನು ಮೊದಲು ಕೈಗೆತ್ತಿಕೊಂಡವರು ಅವರೇ. ಹಾಗಾಗಿ ಅವರ ಎದುರು ನಾನು ದೊಡ್ಡ ಮಿಸ್ತ್ರಿಯಲ್ಲ, ಹೆರಿಗೆ ಕೋಣೆಯ ಹೊರಗೆ ಬೆವರುತ್ತ ನಿಂತಿದ್ದ ಹುಡುಗ. ಅವರು ಬೈದರೆ ಬೈಸಿಕೊಳ್ಳುತ್ತೇನೆ.

ಗಾಡಿಯನ್ನು ಒಂದು ಸುತ್ತು ಓಡಿಸಿ ನೋಡಿದೆ. ಅರವತ್ತರ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೇರಿಂಗ್ ಎಡಕ್ಕೂ ಬಲಕ್ಕೂ ಕುಣಿಯುತ್ತಿತ್ತು, ಪೆಡಲು ಪಾದವನ್ನು ಮೇಲಕ್ಕೆ ತಳ್ಳುತ್ತಿತ್ತು. ಜ್ಯಾಕ್ ಹಾಕಿ ಮುಂದಿನ ಚಕ್ರ ಬಿಚ್ಚಿದೆ. ಚಕ್ರದ ಜೊತೆ ತಿರುಗುವ ಬ್ರೇಕಿನ ಡಿಸ್ಕಿನ ಮೇಲೆ ಗೆರೆಗಳು, ಅಲ್ಲಲ್ಲಿ ಕಾದು ನೀಲಿಯಾದ ಕಲೆಗಳು, ಹೊರ ಅಂಚಿನಲ್ಲಿ ಉಗುರಿಗೆ ಸಿಗುವಷ್ಟು ಎತ್ತರದ ದಿಂಡು. ಇಂಥದ್ದಕ್ಕೆ ವರ್ನಿಯರ್ ಇಟ್ಟರೆ ಅದು ದಿಂಡಿಗೆ ತಾಗಿ ಸುಳ್ಳು ಅಳತೆ ಹೇಳುತ್ತದೆ. ಆದ್ದರಿಂದ ಮೈಕ್ರೋಮೀಟರ್ ತೆಗೆದು ಎಂಟು ಕಡೆ ಅಳೆದೆ. ಡಿಸ್ಕಿನ ನಡುಭಾಗದಲ್ಲಿ ಅಚ್ಚೊತ್ತಿದ್ದ ಕನಿಷ್ಠ ದಪ್ಪ ಹದಿನೈದು ಮಿಲಿಮೀಟರ್. ನನಗೆ ಸಿಕ್ಕಿದ್ದು ಒಂದು ಕಡೆ ಹದಿನಾಲ್ಕೂ ಮುಕ್ಕಾಲು, ಇನ್ನೊಂದು ಕಡೆ ಅದಕ್ಕಿಂತ ಕಡಿಮೆ.

ಮಾಸ್ತರು ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದರು. ಅವರಿಗೆ ಸುಮ್ಮನೆ ನೋಡಲು ಬರುವುದಿಲ್ಲ. ತಿಳಿದುಕೊಳ್ಳಬೇಕು.

"ಮಿಸ್ತ್ರಿ, ಇದನ್ನ ಲೇಥಿಗೆ ಹಾಕಿ ಸಾಪು ಮಾಡಿಸಿದ್ರ ನಡಿಯಂಗಿಲ್ಲೇನು?"

"ದಪ್ಪ ಇದ್ದಿದ್ರ ಮಾಡಸ್ತಿದ್ದೆ ಸರ್. ಈಗಾಗಲೇ ಸವದು ತೆಳ್ಳಗಾಗೈತಿ. ಇನ್ನೂ ಕೆತ್ತಿದ್ರ ಲಗೂನ ಕಾಯತೈತಿ, ಮತ್ತ ಸೊಟ್ಟ ಆಗತೈತಿ."

"ತೆಳ್ಳನ ಹಂಚಿನ್ಯಾಗ ರೊಟ್ಟಿ ಸುಟ್ಟಂಗ" ಎಂದು ನರ್ಸಕ್ಕ ಒಂದೇ ಮಾತಿನಲ್ಲಿ ಗಂಡನಿಗೆ ಪಾಠ ಮುಗಿಸಿದರು. ಹಂಚಿನ ಮಾತು ಮಾಸ್ತರ ತಲೆಯಲ್ಲಿ ಎಷ್ಟು ಆಳಕ್ಕೆ ಇಳಿಯಿತು ಎಂದು ನನಗೆ ಆಗ ಗೊತ್ತಾಗಲಿಲ್ಲ.

ಇಬ್ಬರೂ ಊರಲ್ಲೇ ಇರುವ ನರ್ಸಕ್ಕನ ತಂಗಿಯ ಮನೆಗೆ ಹೋದರು. ನಾನು ಗಂಗಾವತಿಯ ಬಸ್ಸು ಹಿಡಿದೆ. ಎರಡು ಡಿಸ್ಕು, ಬ್ರೇಕ್ ಒತ್ತಿದಾಗ ಡಿಸ್ಕನ್ನು ಅದುಮುವ ಪ್ಯಾಡುಗಳ ಒಂದು ಜೊತೆ ಕಟ್ಟಿಸಿಕೊಂಡು, ರೂಢಿಯಂತೆ ಪರಿಚಯದ ಲೇಥಿನವರ ಹತ್ತಿರ ಚಹಾಕ್ಕೆ ಹೋದೆ. ಅವರು ಶ್ರೀರಾಮನಗರದ ತೆಲುಗು ಮನೆಮಾತಿನವರು, ಭತ್ತದ ಮಿಲ್ಲುಗಳ ಶಾಫ್ಟು ತಿರುವುವ ಕೈ. ನನ್ನ ಗಂಟು ನೋಡಿ, ಕೇಳದೇ ಇದ್ದರೂ ತಮ್ಮ ಡಯಲ್ ಗೇಜ್ ತೆಗೆದುಕೊಟ್ಟರು. ಗಡಿಯಾರದಂತೆ ಮುಖವಿರುವ ಆ ಉಪಕರಣದ ಮೊನೆಯನ್ನು ಡಿಸ್ಕಿಗೆ ತಾಗಿಸಿ ಒಂದು ಸುತ್ತು ತಿರುಗಿಸಿದರೆ, ಡಿಸ್ಕು ಎಷ್ಟು ಓಲಾಡುತ್ತದೆ ಎಂದು ಮುಳ್ಳು ತೋರಿಸುತ್ತದೆ.

"ಏಮಂಡಿ ಮಿಸ್ತ್ರಿ, ಇದು ಒಯ್ರಿ. ಹೊಸದಂತ ಸೀದಾ ಕುಂದರತೈತಿ ಅನಕೋಬ್ಯಾಡ್ರಿ."

ನಾನು ಇಪ್ಪತ್ತು ವರ್ಷದಿಂದ ಬ್ರೇಕ್ ಮಾಡುತ್ತಿದ್ದೇನೆ, ನನಗೇನು ಹೇಳುತ್ತಾರೆ ಇವರು ಎಂದು ಒಳಗೊಳಗೇ ಅನಿಸಿತು. ಹಿರಿಯರ ಮಾತು ತೆಗೆದುಹಾಕಬಾರದೆಂದು ಗೇಜನ್ನು ಚೀಲದ ತಳಕ್ಕೆ ತುರುಕಿದೆ.

ಭಾನುವಾರ ಬೆಳಿಗ್ಗೆ ಕೆಲಸಕ್ಕೆ ಕೂತೆ. ಪ್ಯಾಡುಗಳನ್ನು ಹಿಡಿದಿಡುವ ಕ್ಯಾಲಿಪರ್ ಬಿಚ್ಚಿ, ಪೈಪಿನ ಮೇಲೆ ಭಾರ ಬೀಳದಂತೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿದೆ. ಡಿಸ್ಕನ್ನು ಚಕ್ರದ ನಡುವಿನ ಹಬ್ಬಿಗೆ ಹಿಡಿದಿಡುವ ಎರಡು ಸಣ್ಣ ಸ್ಕ್ರೂಗಳಲ್ಲಿ ಒಂದು ಬಂತು. ಇನ್ನೊಂದರ ತಲೆ ಸವೆದು ಗುಂಡಗಾಯಿತು. ಡ್ರಿಲ್ ಹಾಕಿ ತಲೆ ತೆಗೆಯುವಷ್ಟರಲ್ಲಿ ಡ್ರಿಲ್ಲಿನ ಎರಡು ಮೊನೆಗಳು ಮುರಿದವು. ಸ್ಕ್ರೂ ಹೋದರೂ ಡಿಸ್ಕು ತುಕ್ಕು ಹಿಡಿದು ಹಬ್ಬಿಗೆ ಕಚ್ಚಿಕೊಂಡೇ ಇತ್ತು. ಸಿಟ್ಟು ಬಂದಾಗ ಸುತ್ತಿಗೆಯಿಂದ ಬಾರಿಸುವ ಮಂದಿ ಇದ್ದಾರೆ, ಆಗ ಬೇರಿಂಗ್ ಹೋಗುತ್ತದೆ. ನಾನು ಡಿಸ್ಕಿನಲ್ಲೇ ಇರುವ ಒಳಗೆ ತಿರುಪಿನ ಗೆರೆಯಿರುವ ಎರಡು ತೂತುಗಳಿಗೆ ಬೋಲ್ಟು ಹಾಕಿ, ಒಂದಕ್ಕೆ ಕಾಲು ಸುತ್ತು, ಇನ್ನೊಂದಕ್ಕೆ ಕಾಲು ಸುತ್ತು ಬಿಗಿಯುತ್ತ ಹೋದೆ. ಟಕ್ ಎಂದು ಸದ್ದಾಯಿತು, ಡಿಸ್ಕು ಕೈಗೆ ಬಂತು. ಮಾಸ್ತರು ಕುರ್ಚಿಯಿಂದಲೇ "ಶಾಬ್ಬಾಸ್!" ಎಂದರು.

ಹೊಸ ಡಿಸ್ಕಿನ ಕಾಗದ ಬಿಚ್ಚಿದಾಗ ಅದು ಎಣ್ಣೆಯಲ್ಲಿ ಮಿರಿಮಿರಿ ಮಿಂಚುತ್ತಿತ್ತು. ಮಾಸ್ತರು ಬೆರಳಿನಿಂದ ಮುಟ್ಟಿ ನೋಡಿದರು.

"ಇದಕ್ಕ ಎಣ್ಣಿ ಯಾಕ ಹಚ್ಯಾರ?"

"ತುಕ್ಕು ಹಿಡೀಬಾರದಂತ್ರಿ."

"ಬರೋಬ್ಬರಿ. ಕಬ್ಬಿಣಕ್ಕ ಎಣ್ಣಿ ಬೇಕ ಬೇಕು."

ಅಷ್ಟರಲ್ಲಿ ನರ್ಸಕ್ಕ ಮಾತ್ರೆಯ ಹೊತ್ತಾಯಿತೆಂದು ಕರೆದರು. ಮಾಸ್ತರು ಎದ್ದು ಹೋದರು. ನಾನು ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಎರಡೂ ಡಿಸ್ಕುಗಳ ಎಣ್ಣೆಯನ್ನು ಒಂದು ತೊಟ್ಟೂ ಉಳಿಯದಂತೆ ಒರೆಸಿ ಕೂರಿಸಿದೆ.

ಸಂಜೆ ಓಡಿಸಿ ನೋಡಿದರೆ ಸ್ಟೇರಿಂಗ್ ಇನ್ನೂ ನಡುಗುತ್ತಿತ್ತು. ಮೊದಲಿನಷ್ಟಲ್ಲ, ಆದರೂ ಇತ್ತು. ಹೊಸ ಡಿಸ್ಕು, ಹೊಸ ಪ್ಯಾಡು, ಹಳೆಯ ರೋಗ. ಚಹಾದ ಅಂಗಡಿಯಲ್ಲಿ ಕೂತು ನನ್ನನ್ನು ನಾನೇ ಬೈದುಕೊಂಡು, ಸೋಮವಾರ ಬೆಳಿಗ್ಗೆ ಚೀಲದ ತಳದಿಂದ ಆ ಗೇಜನ್ನು ತೆಗೆದೆ. ಮುಳ್ಳು ಮಿಲಿಮೀಟರಿನ ನೂರರಲ್ಲಿ ಹದಿನೈದು ಪಾಲು ಓಲಾಟ ತೋರಿಸಿತು. ಐದಕ್ಕಿಂತ ಹೆಚ್ಚಿರಬಾರದು. ತಪ್ಪು ಡಿಸ್ಕಿನದಲ್ಲ, ನನ್ನದು. ಡಿಸ್ಕು ಕೂರುವ ಹಬ್ಬಿನ ಮುಖದ ಮೇಲೆ ಹಳೆಯ ತುಕ್ಕಿನ ಹಕ್ಕಳೆ ಹಾಗೇ ಉಳಿದಿತ್ತು. ಸಾಸಿವೆಯಷ್ಟೂ ಇಲ್ಲದ ಆ ಹಕ್ಕಳೆಯಿಂದ ಡಿಸ್ಕಿನ ಹೊರ ಅಂಚು ಓಲಾಡುತ್ತಿತ್ತು. ತಂತಿ ಬ್ರಷ್ಷು, ಪಾಲಿಶ್ ಕಾಗದ ಹಿಡಿದು ಹಬ್ಬು ಬೆಳ್ಳಗಾಗುವ ತನಕ ತಿಕ್ಕಿದೆ. ಮತ್ತೆ ಕೂರಿಸಿ ತಿರುಗಿಸಿದಾಗ ಮುಳ್ಳು ಮೂರರ ಹತ್ತಿರ ನಿಂತಿತು. ಶ್ರೀರಾಮನಗರದ ಕಡೆ ಮುಖ ಮಾಡಿ ಮನಸ್ಸಿನಲ್ಲೇ ಒಂದು ಸಲಾಮು ಹೊಡೆದೆ.

ಮಂಗಳವಾರ ಅವರು ಕೊಪ್ಪಳಕ್ಕೆ ಹೋದರು. "ಬೆಣ್ಣಿ ಆಗೈತಿ ನೋಡು ಬ್ರೇಕು" ಎಂದು ಫೋನಿನಲ್ಲಿ ನರ್ಸಕ್ಕ ಹೇಳಿದ್ದು ಕೇಳಿ ನನ್ನ ಎದೆ ಒಂದು ಗೇಣು ಉಬ್ಬಿತು.

ಒಂದು ತಿಂಗಳೂ ಆಗಿರಲಿಲ್ಲ. ಮತ್ತೊಂದು ಶನಿವಾರ ಆ ಬಿಳಿ ಕಾರು ಎರಡನೇ ಗೇರಿನಲ್ಲಿ ತೆವಳುತ್ತ ಬಂದು ಶೆಡ್ಡಿನ ಮುಂದೆ ನಿಂತಿತು. ನರ್ಸಕ್ಕ ಇಳಿದರು. ಯಾವತ್ತೂ ನಗುನಗುತ್ತ ಗದರುವ ಹೆಂಗಸು, ಅಂದು ಗದರಲಿಲ್ಲ. ಕೀಲಿಕೈಯನ್ನು ನನ್ನ ಮೇಜಿನ ಮೇಲೆ ಇಟ್ಟರು.

"ತಮ್ಮಾ, ಇನ್ನ ನಾ ಗಾಡಿ ಹೊಡಿಯಂಗಿಲ್ಲ."

ನಿನ್ನೆ ಕೊಪ್ಪಳಕ್ಕೆ ಹೋಗುವಾಗ ಮುಂದಿದ್ದ ಕಣಿಕೆ ಹೇರಿದ ಟ್ರ್ಯಾಕ್ಟರ್ ತಟ್ಟನೆ ನಿಂತಿತ್ತಂತೆ. ಇವರು ಬ್ರೇಕ್ ಒತ್ತಿದರು. ಗಾಡಿ ನಿಲ್ಲಲಿಲ್ಲ. ಪೆಡಲಿನ ಮೇಲೆ ಎದ್ದು ನಿಂತಂತೆ ಒತ್ತಿದ ಮೇಲೆ, ಜೋಳದ ದಂಟುಗಳು ಬಾನೆಟ್ಟಿಗೆ ತಾಗುವಷ್ಟು ಹತ್ತಿರದಲ್ಲಿ ನಿಂತಿತು. ಪಕ್ಕದ ಸೀಟಿನಲ್ಲಿ ಮಾಸ್ತರು ಕಣ್ಣು ಮುಚ್ಚಿ ಕುಳಿತಿದ್ದರು.

"ಹದಿನೈದು ದಿನ ಆತು, ಒಮ್ಮೊಮ್ಮೆ ಹಿಂಗ ಆಗತೈತಿ. ಬ್ರೇಕ್ ಅಲ್ಲದು, ನನ್ನ ಕಾಲು. ಕಾಲಾಗಿನ ಬಲಾ ಹೋಗೈತಿ. ದಿನಾ ರಾತ್ರಿ ಮುಲಾಮು ತಿಕ್ಕೊಂಡು ಮಲಗತೀನಿ. ನಿಮ್ಮ ಮಾಸ್ತರ್‍ನ ಉಳಸಾಕ ಹೋಗಿ ನಾನ ಕೊಂದೆ ಅನ್ನೂದು ಆಗಬಾರದು."

ಇಂಥ ಸ್ಥಿತಿಯಲ್ಲಿ ಗಾಡಿ ಇಲ್ಲಿಯ ತನಕ ಯಾಕೆ ತಂದಿರಿ, ಫೋನ್ ಮಾಡಿದ್ದರೆ ನಾನೇ ಬರುತ್ತಿದ್ದೆನಲ್ಲ ಎಂದು ಜೀವಮಾನದಲ್ಲಿ ಮೊದಲ ಸಲ ನಾನು ಅವರನ್ನು ಗದರಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಅದು ಇನ್ನೂ ಸಂಕಟವಾಯಿತು. ಮಾಸ್ತರನ್ನು ಬೇವಿನ ಮರದ ಕೆಳಗೆ ಕೂರಿಸಿ, ಸ್ವಲ್ಪ ಹೊತ್ತು ತಂಗಿಯ ಮನೆಯಲ್ಲಿ ಮಲಗಿರುತ್ತೇನೆಂದು ಅವರು ಹೊರಟರು. ಮಂಗಳವಾರಕ್ಕೆ ಮೂರೇ ದಿನ ಇತ್ತು.

ನಾನು ಶೆಡ್ಡಿನ ಅಂಗಳದಲ್ಲೇ ಗಾಡಿ ಓಡಿಸಿ ನೋಡಿದೆ. ಪೆಡಲು ಕಲ್ಲಿನ ಹಾಗೆ ಗಟ್ಟಿ, ಗಾಡಿಗೆ ಮಾತ್ರ ನಿಲ್ಲುವ ಮನಸ್ಸಿಲ್ಲ. ಕಾಲಿನ ತಪ್ಪಲ್ಲ, ನನ್ನ ಕೈಯ ತಪ್ಪು ಎಂದುಕೊಂಡೆ. ಬ್ರೇಕ್ ಆಯಿಲ್ ಡಬ್ಬಿಯಲ್ಲಿ ನಾನು ಬಿಟ್ಟ ಗೆರೆಗೇ ಇತ್ತು. ಪೆಡಲಿಗೆ ಬಲ ಕೊಡುವ ಬೂಸ್ಟರ್ ಸರಿಯಿತ್ತು. ಪೈಪುಗಳು ಒಣಗಿದ್ದವು. ಕ್ಯಾಲಿಪರಿನ ರಬ್ಬರು ಎತ್ತಿ ನೋಡಿದೆ, ಅಲ್ಲೂ ಒಂದು ಹನಿ ಸೋರಿಕೆ ಇಲ್ಲ. ಆದರೆ ಪ್ಯಾಡುಗಳ ಮುಖ ಕಂದು ಬಣ್ಣದಲ್ಲಿ ಗಾಜಿನಂತೆ ಹೊಳೆಯುತ್ತಿತ್ತು. ಗ್ರೀಸು ಇರಬಹುದೆಂದು ಒಂದು ಪ್ಯಾಡನ್ನು ಇಕ್ಕಳದಲ್ಲಿ ಹಿಡಿದು ಬರ್ನರಿನ ಉರಿಗೆ ಒಡ್ಡಿದೆ. ಸಣ್ಣಗೆ ಹೊಗೆ ಬಂತು.

ಆ ವಾಸನೆಗೆ ನಾನು ಕಂಗಾಲಾದೆ. ಅದು ಗ್ರೀಸಿನದಲ್ಲ, ಬ್ರೇಕ್ ಆಯಿಲಿನದೂ ಅಲ್ಲ. ಅದು ನಮ್ಮಮ್ಮಿಯ ಅಡುಗೆಮನೆಯ ವಾಸನೆ. ಕುಸುಬಿ ಎಣ್ಣೆ!

ತಿರುಗಿ ನೋಡಿದೆ. ಮೂಗಿಗೆ ಆ ವಾಸನೆ ಬಡಿದಿದ್ದೇ ಮಾಸ್ತರು ಮುಖ ತಗ್ಗಿಸಿ ತಮ್ಮ ಚಪ್ಪಲಿ ನೋಡತೊಡಗಿದ್ದರು. ನಾನು ಬರ್ನರ್ ಆರಿಸಿ, ಒಂದು ಹಳೆ ಟೈರು ಎಳೆದುಕೊಂಡು ಅವರ ಪಕ್ಕದಲ್ಲಿ ಕುಳಿತೆ. ಕೇಳುವ ಮೊದಲೇ ಅವರು ಹೇಳಿದರು.

"ಗಾಡಿ ತೊಳದಿದ್ವಿ. ಮರುದಿನ ನೋಡಿದ್ರ ಹೊಸಾ ಡಿಸ್ಕು ಕೆಂಪಗ ತುಕ್ಕು ಹಿಡದಿತ್ತು, ಮಿಸ್ತ್ರಿ. ನೀ ಅಷ್ಟು ಕಷ್ಟಪಟ್ಟು ಹಾಕಿದ್ದು. ಜೀವಾ ಚುರ್ ಅಂತು. ಜೋಳದ ದಂಟಿಗೆ ಹತ್ತಿ ಅರಳಿ ಸುತ್ತಿ, ಚಕ್ರದ ಸಂದಿನ್ಯಾಗಿಂದ, ಹಂಚಿಗೆ ಹಚ್ಚಿದಂಗ ಎಣ್ಣಿ ಹಚ್ಚಿದೆ. ಸೋಮವಾರ, ಗುರುವಾರ ಸಂಜಿಮುಂದ, ಆಕಿ ರೊಟ್ಟಿ ಬಡಿಯೂವಾಗ."

ತೊಳೆದ ಡಿಸ್ಕಿನ ಮೇಲೆ ರಾತ್ರಿ ಬೆಳಗಾಗುವಷ್ಟರಲ್ಲಿ ಕೆಂಪು ಪೊರೆ ಬರುವುದು ಸಹಜ. ನಾಲ್ಕು ಸಲ ಬ್ರೇಕ್ ಒತ್ತಿದರೆ ತಾನೇ ಹೋಗುತ್ತದೆ. ಅದನ್ನು ನಾನು ಅವರಿಗೆ ಹೇಳಿರಲಿಲ್ಲ. ಎಣ್ಣೆ ಯಾಕೆ ಹಚ್ಚುತ್ತಾರೆ ಎಂದು ಹೇಳಿದ್ದೆ, ಅದನ್ನು ಯಾಕೆ ಒರೆಸುತ್ತಾರೆ ಎಂದು ಹೇಳಿರಲಿಲ್ಲ.

"ಆಕಿ ಎಲ್ಲಾ ಮಾಡತಾಳ. ಗಾಡಿ ಹೊಡಿತಾಳ, ಮಾತ್ರಿ ಕೊಡತಾಳ, ನೀರು ಅಳದು ಕೊಡತಾಳ. ನಾ ಬರೇ ಕುಂದರತೀನಿ. ಗಾಡಿಗ್ಯಾದ್ರೂ ನನ್ನ ಕೈಲೆ ಏನರ ಸೇವಾ ಆಗಲಿ ಅಂತ..." ಮಾಸ್ತರು ಕನ್ನಡಕ ತೆಗೆದು ಒರೆಸಿದರು. "ಆಕಿಗೆ ಹೇಳಬ್ಯಾಡೋ."

ಪ್ಯಾಡು ಕಳಪೆ ಬಂದಿತ್ತು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ನರ್ಸಕ್ಕ ದಡ್ಡರಲ್ಲ, ಪ್ಯಾಡಿನ ಕಥೆಯನ್ನು ನನ್ನ ಸಮಾಧಾನಕ್ಕೆ ನಂಬಿದಂತೆ ಮಾಡಿ, ಒಳಗೆ ತಮ್ಮ ಕಾಲನ್ನೇ ಅನುಮಾನಿಸುತ್ತಾರೆ. ಅನುಮಾನದ ಕಾಲು ಬ್ರೇಕಿನ ಮೇಲೆ ಸರಿಯಾಗಿ ಬೀಳುವುದಿಲ್ಲ. ಇತ್ತ ನಿಜ ಹೇಳಿದರೆ ಈ ಮುದುಕರ ಮಾನ ಹೋಗುತ್ತದೆ. ಈ ದಂಪತಿಯಲ್ಲಿ ಯಾರನ್ನು ನೋಯಿಸಲಿ? ನನಗೆ ಇಬ್ಬರೂ ಬೇಕಾದವರು.

"ಸರ್, ನಾ ಸುಳ್ಳು ಹೇಳಂಗಿಲ್ರಿ" ಎಂದೆ ಕೊನೆಗೆ. "ಆದ್ರ ಮೊದಲ ನನ್ನ ತಪ್ಪು ಹೇಳತೀನಿ. ಅದರ ಮುಂದಿಂದು ನಿಮಗ ಬಿಟ್ಟಿದ್ದು."

ನರ್ಸಕ್ಕ ವಾಪಸು ಬಂದಾಗ ನಾನು ಪ್ಯಾಡನ್ನು ಅವರ ಕೈಗೆ ಕೊಟ್ಟೆ. "ಅಕ್ಕಾ, ಹೊಸ ಡಿಸ್ಕಿಗೆ ಎಣ್ಣಿ ಇರತೈತ್ರಿ, ತುಕ್ಕು ಹಿಡೀಬಾರದಂತ. ಹಾಕೂವಾಗ ಅದನ್ನ ಪೂರಾ ಒರಸಬೇಕು, ಎಣ್ಣಿ ಇದ್ರ ಬ್ರೇಕು ಜಾರತೈತಿ. ಮಾಸ್ತರು ಕೇಳಿದಾಗ ನಾ ಅರ್ಧಾ ಹೇಳಿದೆ, ಅರ್ಧಾ ಬಿಟ್ಟೆ. ತಪ್ಪು ನಂದು."

ಅವರು ಪ್ಯಾಡನ್ನು ಮೂಗಿನ ಹತ್ತಿರ ಹಿಡಿದರು. ಏನೋ ನೆನಪಾದಂತೆ ಹುಬ್ಬು ಗಂಟಿಕ್ಕಿದರು. ಆಗ ಮಾಸ್ತರು ಕುರ್ಚಿಯ ಕೈ ಹಿಡಿದು ಎದ್ದು ನಿಂತರು, ತಪ್ಪು ಮಾಡಿದ ವಿದ್ಯಾರ್ಥಿ ಎದ್ದು ನಿಂತಂತೆ.

"ನಾ ಹಚ್ಚಿದೆ. ದಂಟೀಲೆ. ನಾಕೈದು ಸರ್ತಿ."

ನರ್ಸಕ್ಕ ಗಂಡನ ಮುಖ ನೋಡಿದರು, ಪ್ಯಾಡು ನೋಡಿದರು. ಸಿಟ್ಟು ಬರುತ್ತದೆಂದು ನಾನು ಕಾದೆ. ಅವರು ಕೇಳಿದ್ದು ಒಂದೇ. "ಹಂಗಾರ ನನ್ನ ಕಾಲು?"

"ನಿಮ್ಮ ಕಾಲು ಛಲೋ ಅದಾವ್ರಿ ಅಕ್ಕಾ. ಇಂಥಾ ಪ್ಯಾಡ್ ಇಟಗೊಂಡು ಆ ಟ್ರ್ಯಾಕ್ಟರಿಗೆ ಬಡೀದಂಗ ನಿಲ್ಲಿಸೀರಿ. ನನ್ನ ಕೈಲೂ ಆಗತಿರಲಿಲ್ಲ."

ಅವರು ನಾನು ಬಿಟ್ಟೆದ್ದ ಟೈರಿನ ಮೇಲೆ ಕುಸಿದು ಕುಳಿತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಆಸ್ಪತ್ರೆಯಲ್ಲಿ ಅಷ್ಟು ವರ್ಷ ಯಾರೂ ಅವರ ಕಣ್ಣೀರು ಕಂಡಿರಲಿಲ್ಲ. ಅತ್ತು ಮುಗಿಸಿ, ಮೂಗು ಒರೆಸಿಕೊಂಡು ಗಂಡನ ಕಡೆ ತಿರುಗಿದರು.

"ದಾರಿಯಾಗ ಒಗ್ಗರಣಿ ವಾಸನಿ ಬಂದ್ರ, ಯಾರ ಮನ್ಯಾಗ ಏನ ಮಾಡ್ಯಾರೋ ಅನಕೊಂತ ಹೋಗತಿದ್ದೆ ನಾ. ಲಗ್ನಾಗಿ ಇಷ್ಟು ವರ್ಷದಾಗ ನನ್ನ ರೊಟ್ಟಿ ಹಂಚಿಗೆ ಒಮ್ಮೆರ ಎಣ್ಣಿ ಹಚ್ಚೀರೇನು ನೀವು?"

ಮಾಸ್ತರು ನಕ್ಕರು. ಆಮೇಲೆ ನಾವು ಮೂವರೂ ನಕ್ಕೆವು.

ಎಣ್ಣೆ ಕುಡಿದ ಪ್ಯಾಡನ್ನು ಎಷ್ಟು ತೊಳೆದರೂ ನಂಬುವಂತಿಲ್ಲ. ಸೋಮವಾರ ಹೊಸ ಜೊತೆ ತರಿಸಿದೆ. ಡಿಸ್ಕುಗಳನ್ನು ಬಿಚ್ಚಿ, ಥಿನ್ನರಿನಲ್ಲಿ ಎರಡು ಸಲ ತೊಳೆದು, ಪಾಲಿಶ್ ಕಾಗದ ಹಿಡಿದು, ಮತ್ತೆ ಒರೆಸಿದೆ. ಈ ಸಲ ಮಾಸ್ತರನ್ನು ಪಕ್ಕಕ್ಕೆ ಕರೆದು ನಿಲ್ಲಿಸಿಕೊಂಡೆ. ಬಟ್ಟೆಯಲ್ಲಿ ಕಲೆ ಬರುವುದು ನಿಲ್ಲುವ ತನಕ ಅವರೇ ನೋಡಿ "ಈಗ ಒಣಗ್ಯಾವು" ಎಂದರು. ಗಂಗಾವತಿಯ ಗೇಜಿನ ಮುಳ್ಳು ಮತ್ತೆ ಮೂರರಲ್ಲಿ ನಿಂತಿತು.

ಹೊಸ ಪ್ಯಾಡುಗಳನ್ನು ಪಳಗಿಸಬೇಕು. ಐವತ್ತರ ವೇಗದಿಂದ ಹತ್ತಕ್ಕೆ ಇಳಿಸುವುದು, ತಣ್ಣಗಾಗಲು ಒಂದಷ್ಟು ದೂರ ಓಡಿಸುವುದು, ಮತ್ತೆ ಒತ್ತುವುದು. ಹೀಗೆ ಹತ್ತು ಸಲ. ಮಿಸ್ತ್ರಿಯೇ ಮಾಡಿಕೊಡುವ ಕೆಲಸವಿದು. ಮೊದಲೆರಡು ಸಲ ನಾನೇ ಒತ್ತಿ, ಗಾಡಿ ಸರಿಯಾಗಿ ನಿಲ್ಲುತ್ತದೆಂದು ಖಾತ್ರಿ ಮಾಡಿಕೊಂಡೆ. ಆಮೇಲೆ ಕೀಲಿಕೈಯನ್ನು ನರ್ಸಕ್ಕನಿಗೆ ಚಾಚಿದೆ. ನಾನೇ ಪೂರ್ತಿ ಪಳಗಿಸಿ ಕೊಟ್ಟರೆ ಬ್ರೇಕು ಪಳಗುತ್ತದೆ, ಅವರ ಕಾಲು ಪಳಗುವುದಿಲ್ಲ. ಅವರು ಕೈ ಹಿಂದೆ ಎಳೆದುಕೊಂಡರು.

"ನಾ ಹಿಂದ ಕುಂದರತೀನಿ ಅಕ್ಕಾ. ಮಾಸ್ತರು ಮುಂದ ಕುಂತು ಎಣಿಸಲಿ."

ಎರಡೂ ಬದಿ ದಾಳಿಂಬೆ ತೋಟ, ನಡುವೆ ಖಾಲಿ ರಸ್ತೆ. "ಒಂದು" ಎಂದರು ಮಾಸ್ತರು. ಬಿಸಿ ನೀರಿಗೆ ಬೆರಳು ಅದ್ದಿದಂತೆ ನರ್ಸಕ್ಕ ಪೆಡಲು ಮುಟ್ಟಿದರು, ಗಾಡಿ ಸುಮ್ಮನೆ ಸ್ವಲ್ಪ ನಿಧಾನವಾಯಿತು. "ಇದಕ್ಕ ಮಾರ್ಕ್ಸ್ ಕೊಡಂಗಿಲ್ಲ. ಮತ್ತ ಒಂದು." ಮೂರನೆಯದಕ್ಕೆ ಕಾಲು ಗಟ್ಟಿಯಾಯಿತು. ಐದಕ್ಕೆ ಅವರ ಬಿಗಿದ ಹೆಗಲು ಸಡಿಲಾಯಿತು. ಏಳು, ಎಂಟು. ಹಿಂದಿನ ಸೀಟಿನಲ್ಲಿ ಕುಳಿತ ನಾನು ಕನ್ನಡಿಯಲ್ಲಿ ಅವರ ಮುಖವನ್ನಷ್ಟೇ ನೋಡುತ್ತಿದ್ದೆ. "ಹತ್ತು! ಪಾಸು!" ಎಂದು ಮಾಸ್ತರು ತೊಡೆ ತಟ್ಟಿದರು.

ನರ್ಸಕ್ಕ ಗಾಡಿಯನ್ನು ಮತ್ತೆ ಐವತ್ತಕ್ಕೆ ಏರಿಸಿದರು, ಕನ್ನಡಿಯಲ್ಲಿ ಹಿಂದೆ ಯಾರೂ ಇಲ್ಲದ್ದನ್ನು ನೋಡಿಕೊಂಡರು, ಯಾರೂ ಹೇಳದೆ ಹನ್ನೊಂದನೆಯ ಸಲ ಪೂರ್ತಿ ಕಾಲು ಊರಿ ಒತ್ತಿದರು. ಗಾಡಿ ನೆಟ್ಟಗೆ, ನಡುಗದೆ, ಗೂಟ ಬಡಿದಂತೆ ನಿಂತಿತು. ಮಾಸ್ತರ ಕನ್ನಡಕ ಜಾರಿ ತೊಡೆಯ ಮೇಲೆ ಬಿತ್ತು. ನರ್ಸಕ್ಕ ಅದನ್ನು ಎತ್ತಿ, ಸೆರಗಿನಿಂದ ಒರೆಸಿ, ಗಂಡನ ಮೂಗಿನ ಮೇಲೆ ಇಟ್ಟರು.

"ನಾಳೆ ಏಳಕ್ಕ ಹೊರಡೂಣು" ಎಂದರು. "ತಡಾ ಮಾಡಬ್ಯಾಡ್ರಿ."

ಶೆಡ್ಡಿಗೆ ಬಂದ ಮೇಲೆ ಮಾಸ್ತರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು. "ಮಿಸ್ತ್ರಿ, ಈ ಗಾಡಿಯಾಗ ಎಣ್ಣಿ ಹಚ್ಚೂವಂಥಾ ಜಾಗಾ ಎಲ್ಲೂ ಇಲ್ಲೇನು?" ನಾನು ನಾಲ್ಕೂ ಬಾಗಿಲು ತೆರೆದು ಕೀಲುಗಳನ್ನು ತೋರಿಸಿದೆ. ಕುಸುಬಿ ಎಣ್ಣೆ ಆಮೇಲೆ ಅಂಟಂಟಾಗುತ್ತದೆಂದು ಮಶೀನ್ ಎಣ್ಣೆಯ ಒಂದು ಸಣ್ಣ ಬಾಟಲಿಯನ್ನೂ ಕೊಟ್ಟೆ.

ಈಗಲೂ ಆ ಗಾಡಿ ಸರ್ವಿಸಿಗೆ ಬಂದರೆ ನಾನು ಮೊದಲು ಚಕ್ರದ ಸಂದಿಯಲ್ಲಿ ಬೆರಳು ಹಾಕಿ ಡಿಸ್ಕು ಮುಟ್ಟಿ ನೋಡುತ್ತೇನೆ. ಬೆರಳಿಗೆ ಏನೂ ಹತ್ತುವುದಿಲ್ಲ. ಆಮೇಲೆ ಬಾಗಿಲು ತೆರೆಯುತ್ತೇನೆ. ನನ್ನ ಶೆಡ್ಡಿಗೆ ಬರುವ ಹಳೆಯ ಗಾಡಿಗಳ ಬಾಗಿಲೆಲ್ಲ ಕಿರ್ರೆನ್ನುತ್ತವೆ. ಇದು ಮಾತ್ರ ಸದ್ದೇ ಮಾಡುವುದಿಲ್ಲ. ಮಾಸ್ತರು ಕುರ್ಚಿಯಿಂದ ನನ್ನನ್ನೇ ನೋಡುತ್ತಿರುತ್ತಾರೆ. "ಶಾಬ್ಬಾಸ್ ಸರ್" ಎನ್ನುತ್ತೇನೆ.